ಡ್ರಾಪ್ ಶ್ಯಾಡೋ ಸಾಕೇ, ನೆರಳನ್ನು ಬೇರೆಯಾಗಿಯೇ ಬಿಡಿಸಬೇಕೇ?

ಹಿನ್ನೆಲೆಯಿಂದ ಕತ್ತರಿಸಿ ತೆಗೆದ ವಸ್ತುವಿನ ಚಿತ್ರಕ್ಕೆ ಫೋಟೋಶಾಪ್‌ನ ಡ್ರಾಪ್ ಶ್ಯಾಡೋ ಎಂಬ ಸಿದ್ಧ ಪರಿಣಾಮ ಕ್ಷಣಮಾತ್ರದಲ್ಲಿ ನೆರಳು ಕೊಡುತ್ತದೆಯಾದರೂ, ಅದು ವಸ್ತುವಿನ ಆಕಾರವನ್ನೇ ಪಕ್ಕಕ್ಕೆ ಸರಿಸಿ ಮಸುಕಾಗಿಸುವುದರಿಂದ, ನೇರ ಮೇಲಿನಿಂದ ತೆಗೆದ ಪುಸ್ತಕ ಅಥವಾ ಮಡಿಸಿದ ಸೀರೆಯ ಚಿತ್ರಕ್ಕೆ ಒಪ್ಪುತ್ತದೆ. ನಿಂತಿರುವ ಹಿತ್ತಾಳೆಯ ಚೊಂಬನ್ನು ಮಾತ್ರ ಗೋಡೆಗೆ ಅಂಟಿಸಿದಂತೆ ತೋರಿಸುತ್ತದೆ. ಅಂಥ ವಸ್ತುವಿಗೆ, ತುಸು ಹೊತ್ತು ಹಿಡಿದರೂ, ಪ್ರತ್ಯೇಕ ಲೇಯರ್‌ಗಳಲ್ಲಿ (ಒಂದರ ಮೇಲೊಂದು ಕೂರುವ ಪದರಗಳಲ್ಲಿ) ನೆರಳು ಬಿಡಿಸುವುದೇ ಲೇಸು. ತಳವು ನೆಲಕ್ಕೆ ತಾಗುವಲ್ಲಿ ಕಿರಿದಾದ, ಗಾಢವಾದ ನೆರಳೂ, ಇನ್ನೊಂದು ಲೇಯರ್‌ನಲ್ಲಿ ಬೆಳಕಿನ ಎದುರು ದಿಕ್ಕಿಗೆ ಚಾಚಿ, ದೂರ ಹೋದಂತೆಲ್ಲ ತೆಳುವಾಗುವ ನೆರಳೂ ಇರಬೇಕು. ಎರಡನ್ನೂ ಕೆಳಗಿನ ಬಣ್ಣವನ್ನು ಗಾಢವಾಗಿಸುವ ಮಲ್ಟಿಪ್ಲೈ ಮೋಡ್‌ನಲ್ಲಿಟ್ಟು, ಅಂಚನ್ನು ಮಸುಕಾಗಿಸುವ ಗಾಸಿಯನ್ ಬ್ಲರ್ ಅನ್ನು ಮೊದಲನೆಯದಕ್ಕೆ ಕಡಿಮೆ, ಎರಡನೆಯದಕ್ಕೆ ಹೆಚ್ಚು ಕೊಡಿ. ಉಚಿತವಾಗಿ ಸಿಗುವ ಗಿಂಪ್ ಎಂಬ ತಂತ್ರಾಂಶದಲ್ಲೂ ಇದು ಸಾಧ್ಯ. ಬೆಳಕು ಒಳಹಾಯುವ ಗಾಜಿನ ಬಾಟಲಿಗಾದರೆ ಈ ಎರಡೂ ವಿಧಾನಗಳು ಸಾಲವು. ಮೂಲ ಫೋಟೋದ ನೆರಳನ್ನೇ ಉಳಿಸಿಕೊಳ್ಳಿ.