ಮೂತ್ರದ ಕಲ್ಚರ್ ಮಾಡಿಸಿದ್ದೇವೆಂದು ಹಣ ಪಡೆದು ವಂಚಿಸಿದರು: ಮೂತ್ರಪಿಂಡದ ಸೋಂಕಿರುವವರ ಮನೆಯವರು ಎಚ್ಚರವಾಗಿರಿ

ಮೂತ್ರಪಿಂಡದ ಸೋಂಕಿಗೆ ಚಿಕಿತ್ಸೆ ಕೊಡುತ್ತೇವೆಂದು ನಮ್ಮ ತಾಲ್ಲೂಕು ಪಟ್ಟಣದ ಖಾಸಗಿ ನರ್ಸಿಂಗ್ ಹೋಂ ಒಂದು ನಮ್ಮ ತಾಯಿಯವರ ಜೀವಕ್ಕೇ ಸಂಚಕಾರ ತಂದಿತು. ದೂರು ವಿಚಾರಣೆಯಲ್ಲಿರುವುದರಿಂದ ಅದರ ಹೆಸರನ್ನು ಬರೆಯುತ್ತಿಲ್ಲ, ನಡೆದದ್ದನ್ನು ಮಾತ್ರ ಬರೆಯುತ್ತಿದ್ದೇನೆ.

ತಾಯಿಯವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಉರಿಮೂತ್ರದಿಂದ ಶುರುವಾಗಿ, ಹಲ್ಲು ಕಟಕಟಿಸುವಷ್ಟು ಚಳಿಜ್ವರ ಮತ್ತು ಬಲಪಕ್ಕೆಯ ಹಿಂಭಾಗದಲ್ಲಿ ಮುಟ್ಟಗೊಡದಂಥ ನೋವು ಬಂದಾಗ ಅಲ್ಲಿ ದಾಖಲಿಸಿದೆವು. ಅಡ್ವಾನ್ಸ್ ಕಟ್ಟಿಸಿಕೊಂಡರು, ಡ್ರಿಪ್ ಹಾಕಿದರು, ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟರು. ಮೂತ್ರದ ಮಾದರಿ ಕೇಳಿದ್ದು ಇಂಜೆಕ್ಷನ್ ಆದ ಮೇಲೆ, ಅದೂ ಮುಚ್ಚಳ ಸಡಿಲವಾಗಿದ್ದ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಕಲ್ಚರಿಗೆ, ಅಂದರೆ ಮೂತ್ರದಲ್ಲಿನ ಸೂಕ್ಷ್ಮಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ, ಮೊದಲ ಆಂಟಿಬಯಾಟಿಕ್‌ಗಿಂತ ಮುಂಚೆಯೇ ಶುದ್ಧ ಡಬ್ಬಿಯಲ್ಲಿ ಮಾದರಿ ಹಿಡಿಯಬೇಕೆಂಬುದನ್ನು ಅಲ್ಲಿ ಯಾರೊಬ್ಬರೂ ಹೇಳಲಿಲ್ಲ. ಸಂಜೆ ಕೊಟ್ಟ ಮಾದರಿಗೆ ಅದೇ ರಾತ್ರಿ ಬಂದು, "ಕಲ್ಚರ್ ಬಂತು, ಮಾಮೂಲಿ ಇನ್ಫೆಕ್ಷನ್, ಭಯ ಪಡಬೇಡಿ" ಎಂದರು. ಪ್ಯಾರಾಸಿಟಮಾಲ್ ಡ್ರಿಪ್‌ನಿಂದ ಜ್ವರ ಇಳಿದದ್ದನ್ನು ಸೋಂಕೇ ಇಳಿದಿದೆಯೆಂದು ತೋರಿಸಿ, ನೈಟ್ರೋಫ್ಯುರಾಂಟೊಯಿನ್ ಮಾತ್ರೆ ಬರೆದುಕೊಟ್ಟು ಮನೆಗೆ ಕಳುಹಿಸಿದರು. ಆ ಮಾತ್ರೆ ಮೂತ್ರಕೋಶದ ಸೋಂಕಿಗೆ ಒಳ್ಳೆಯದೇ, ಆದರೆ ಮೂತ್ರಪಿಂಡದ ಒಳಭಾಗದಲ್ಲಿ ಅದರ ಪ್ರಮಾಣ ಸಾಕಷ್ಟು ಏರುವುದಿಲ್ಲವಾದ್ದರಿಂದ ಅಲ್ಲಿನ ಸೋಂಕಿಗೆ ಅದನ್ನು ಕೊಡುವುದಿಲ್ಲ. ಹೊಟ್ಟೆಯ ಸ್ಕ್ಯಾನ್ ಮಾಡಿಸಲಿಲ್ಲ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆಯೆಂದು ತಿಳಿಸುವ ಕ್ರಿಯೇಟಿನಿನ್ ರಕ್ತಪರೀಕ್ಷೆಯನ್ನೂ ಮಾಡಲಿಲ್ಲ.

ಜ್ವರ ಮರುಕಳಿಸಿ ತಾಯಿಯವರು ತೊದಲತೊಡಗಿದಾಗ ಶಿವಮೊಗ್ಗಕ್ಕೆ ಕರೆದೊಯ್ದೆವು. ಅಲ್ಲಿನ ಮೂತ್ರರೋಗ ತಜ್ಞರು ಮೊದಲು ಕೇಳಿದ್ದೇ ಕಲ್ಚರ್ ವರದಿಯನ್ನು. ನಾನು ಬಲು ಧೈರ್ಯದಿಂದ ಕಾಗದ ಚಾಚಿದೆ. ಅವರು ಅದನ್ನು ನನ್ನ ಕಡೆಗೇ ತಿರುಗಿಸಿ, "ಇದರಲ್ಲಿ ಕಲ್ಚರ್ ಎಲ್ಲಿದೆ ತೋರಿಸಿ" ಎಂದರು. ಅಲ್ಬುಮಿನ್, ಶುಗರ್, "ಪಸ್ ಸೆಲ್ಸ್ – ಪ್ಲೆಂಟಿ" (ಕೀವಿನ ಕಣಗಳು ಬಹಳ) ಎಂಬ ಸಾಲುಗಳಷ್ಟೇ ಇದ್ದವು. ಅದು ಸಾಧಾರಣ ಮೂತ್ರ ಪರೀಕ್ಷೆ. ಅದೇ ಕಾಗದಕ್ಕೆ ಪಿನ್ ಮಾಡಿದ್ದ ಬಿಲ್ಲಿನಲ್ಲಿ ಮಾತ್ರ "ಕಲ್ಚರ್ ಅಂಡ್ ಸೆನ್ಸಿಟಿವಿಟಿ" ಎಂದು ಬರೆದು 900 ರೂಪಾಯಿ ಹಾಕಿದ್ದರು. ಕಿರಿಯ ವೈದ್ಯರು, ನರ್ಸ್‌ಗಳು, ನನ್ನ ಭಾವನವರು ಎಲ್ಲರೂ ನಿಂತಿದ್ದರು. ನನಗೆ ತಲೆ ಎತ್ತಲಾಗಲಿಲ್ಲ. ಸೂಕ್ಷ್ಮಾಣು ಬೆಳೆದು, ಯಾವ ಔಷಧಿಗೆ ಬಗ್ಗುತ್ತದೆಂದು ತಿಳಿಯಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ರಾತ್ರೋರಾತ್ರಿ ಬಂದ ಕಲ್ಚರ್ ಎಂಥದ್ದು! ಸುಳ್ಳು ಹೇಳುವುದಕ್ಕೂ ಒಂದು ಹದ ಬೇಡವೇ?

ಸಿ.ಟಿ. ಸ್ಕ್ಯಾನಿನಲ್ಲಿ ಮೂತ್ರನಾಳಕ್ಕೆ ಕಲ್ಲು ಸಿಕ್ಕಿಕೊಂಡು, ಅದರ ಹಿಂದೆ ಕೀವು ನಿಂತಿರುವುದು ಕಂಡಿತು. ದಾರಿ ಕಟ್ಟಿದಾಗ ಎಂಥ ಇಂಜೆಕ್ಷನ್ ಕೊಟ್ಟರೂ ಕೀವು ಹೊರಬರದೆ ಗುಣವಾಗುವುದಿಲ್ಲವೆಂದು ಹೇಳಿ ಅಂದೇ ಡಿ.ಜೆ. ಸ್ಟೆಂಟ್, ಅಂದರೆ ಮೂತ್ರನಾಳದೊಳಗೆ ಇಡುವ ತೆಳು ಕೊಳವೆ, ಹಾಕಿದರು. ಅಲ್ಲಿನ ನಿಜವಾದ ಕಲ್ಚರಿನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಬೆಳೆಯಿತು, ಸೆಫ್ಟ್ರಿಯಾಕ್ಸೋನ್ ಎದುರಿಗೆ "ಆರ್", ಅಂದರೆ ಅದು ನಾಟುವುದಿಲ್ಲ. ಮೆರೊಪೆನೆಮ್ ಎಂಬ ಬೇರೆ ಆಂಟಿಬಯಾಟಿಕ್ ಕೊಟ್ಟ ಮೇಲೆ ತಾಯಿಯವರು ಚೇತರಿಸಿಕೊಂಡರು.

ನರ್ಸಿಂಗ್ ಹೋಂಗೆ ಹೋಗಿ ಕೇಳಿದರೆ ಮ್ಯಾನೇಜರ್ ನಗುತ್ತಲೇ, "ಎರಡೂ ಯೂರಿನ್ ಟೆಸ್ಟೇ ಅಲ್ವಾ ಸಾರ್" ಎಂದರು. ಎರಡೂ ಒಂದೇ ಆದರೆ ಹಣ ಏಕೆ ಬೇರೆ ಎಂದೆ. "ಲ್ಯಾಬ್ ಹೊರಗಿನದು, ಅವರನ್ನೇ ಕೇಳಿ" ಎಂದರು. ಲ್ಯಾಬಿನವರು ಕಲ್ಚರಿನ ಮಾದರಿಯೇ ತಮಗೆ ಬಂದಿಲ್ಲವೆಂದರು. ಮತ್ತೆ ಬಂದು ಕೇಳಿದ್ದಕ್ಕೆ, "ಇಲ್ಲಿಂದ ಹೋಗುವಾಗ ಜ್ವರ ಬಿಟ್ಟಿತ್ತಲ್ಲ, ಆಮೇಲೆ ನೀವು ಏನು ತಿನ್ನಿಸಿದಿರೋ!" ಎಂದರು. ಈ ಮಾತನ್ನು ನಾನು ಮರೆಯಲಾರೆ.

ಕಲ್ಚರ್ ವರದಿಯಲ್ಲಿ ಸೂಕ್ಷ್ಮಾಣುವಿನ ಹೆಸರು ಹಾಗೂ ಔಷಧಿಗಳ ಪಟ್ಟಿ ಇರಬೇಕು, ಏನೂ ಬೆಳೆಯದಿದ್ದರೆ ಹಾಗೆಂದು ಬರೆದಿರಬೇಕು. ಕಣ್ಣಾರೆ ಕಾಣದೆ ಹಣ ಕೊಡಬೇಡಿ. ಚಳಿಜ್ವರದ ಜೊತೆ ಪಕ್ಕೆನೋವಿದ್ದರೆ ಸ್ಕ್ಯಾನ್ ಏಕೆ ಬೇಡವೆಂದು ಕೇಳಿ. ಸಿಡುಕುವ ಜಾಗದಲ್ಲಿ ಒಂದು ಕ್ಷಣವೂ ನಿಲ್ಲದೆ ದೊಡ್ಡ ಆಸ್ಪತ್ರೆಗೆ ಹೊರಡಿ.

ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಬಿಲ್ಲಿನ ಪ್ರತಿಯೊಂದಿಗೆ ದೂರು ಕೊಟ್ಟಿದ್ದೇನೆ. ಅದಾದ ಮೇಲೆ ಮ್ಯಾನೇಜರ್ ತಾವಾಗಿಯೇ ಫೋನ್ ಮಾಡಿ, ಆ 900 ರೂಪಾಯಿ ಹಿಂತಿರುಗಿಸುತ್ತೇವೆ, ದೂರು ವಾಪಸ್ ತೆಗೆದುಕೊಳ್ಳಿ ಎಂದರು. ತೆಗೆದುಕೊಳ್ಳುವುದಿಲ್ಲ ಎಂದು ಹೇಳಿದ್ದೇನೆ.