ರೇಡಾನ್ ಪೈಪ್ ಹಾಕಿಸುವವರೇ, ಕೆಂಪು ದ್ರವ ಸಮವಾಗಿ ನಿಂತಿದೆ ಎಂದು ಖುಷಿಪಡಬೇಡಿ

ಆರು ತಿಂಗಳು. ಆರು ತಿಂಗಳು ಪ್ರತಿದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ನೆಲಮಾಳಿಗೆಗೆ ಇಳಿಯುತ್ತಿದ್ದೆ. ನೆಲದಡಿಯ ರೇಡಾನ್ ಎಂಬ ವಿಕಿರಣಶೀಲ ಅನಿಲವನ್ನು ಫ್ಯಾನಿನಿಂದ ಎಳೆದು ಹೊರಹಾಕುವ ಬಿಳಿ ಪೈಪಿಗೆ ಅಂಟಿಸಿದ ಯು ಆಕಾರದ ಕೊಳವೆಯಲ್ಲಿ ಕೆಂಪು ದ್ರವ ಎರಡೂ ಕಡೆ ಸಮವಾಗಿದೆಯೇ ಎಂದು ನೋಡುತ್ತಿದ್ದೆ. ಸಮವಾಗಿರುತ್ತಿತ್ತು. ನೆಮ್ಮದಿಯಿಂದ ಅಲ್ಲೇ ಮೇಜಿನ ಮುಂದೆ ಕೂತು ಕೆಲಸ ಶುರು ಮಾಡುತ್ತಿದ್ದೆ. ಅದು ಸಮವಾಗಿರಲೇಬಾರದಿತ್ತು! ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಇಂಥದೇ ಕೊಳವೆಯ, ಅಂದರೆ ಒತ್ತಡದ ವ್ಯತ್ಯಾಸ ತೋರಿಸುವ ಮಾನೋಮೀಟರಿನ, ಪ್ರಯೋಗ ಮಾಡಿ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡವನು. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಆದರೆ ಅಮೆರಿಕದ ಪೆನ್ಸಿಲ್ವೇನಿಯಾದ ಈ ಕಡೆ ಮನೆ ಕೊಳ್ಳುತ್ತಿರುವ ನಮ್ಮವರು ಹೆಚ್ಚುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ರೇಡಾನ್ ಎಂದರೇನು ಎಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ನೆಲದೊಳಗಿನ ಯುರೇನಿಯಂ ಕ್ಷಯಿಸುತ್ತಾ ಹೋದಂತೆ ಹುಟ್ಟುವ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ಅಡಿಪಾಯದ ಬಿರುಕುಗಳಿಂದ ಮನೆಯೊಳಗೆ ಬರುತ್ತದೆ. ಇಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನ ಬಿಟ್ಟರೆ ಇದೇ ದೊಡ್ಡ ಕಾರಣ. ನಮ್ಮ ಮನೆಯಿಂದ ಲಿಮರಿಕ್ ಅಣುಸ್ಥಾವರ ಕಾರಿನಲ್ಲಿ ಅರ್ಧ ಗಂಟೆಯ ದಾರಿ. 1984ರ ಡಿಸೆಂಬರಿನಲ್ಲಿ ಸ್ಟಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಅಲ್ಲಿನ ವಿಕಿರಣ ಪತ್ತೆ ಯಂತ್ರ ಕೂಗುವಂತೆ ಮಾಡಿದ್ದು ಸ್ಥಾವರದಿಂದಲ್ಲ, ಮನೆಯಿಂದ ಮೈಗೆ ಅಂಟಿಸಿಕೊಂಡು ಬಂದ ವಿಕಿರಣಶೀಲ ಕಣಗಳಿಂದ. ಅವರ ಮನೆಯ ಗಾಳಿಯಲ್ಲಿ ಲೀಟರಿಗೆ ಸುಮಾರು 2,700 ಪಿಕೊಕ್ಯೂರಿ (ವಿಕಿರಣಶೀಲತೆಯ ಅಳತೆ) ರೇಡಾನ್ ಇತ್ತು. 4 ದಾಟಿದರೆ ಕ್ರಮ ಕೈಗೊಳ್ಳಿ ಎನ್ನುತ್ತದೆ ಸರಕಾರ. ಮನೆ ಕೊಳ್ಳುವಾಗ ನಮ್ಮಲ್ಲಿ ಬಂದದ್ದು 11.4. ಮಾರುವವರು 1,500 ಡಾಲರ್ ಬಿಟ್ಟುಕೊಟ್ಟು ಕೈತೊಳೆದುಕೊಂಡರು. ಪೈಪ್ ಹಾಕಿಸುವ ಹೊಣೆ ನನ್ನ ತಲೆಗೆ ಬಂತು.

ಮೂವರ ಹತ್ತಿರ ದರ ಕೇಳಿದೆ. ಇಬ್ಬರು 1,900ರ ಆಸುಪಾಸು ಹೇಳಿದರು. ಮೂರನೆಯ ಪುಣ್ಯಾತ್ಮ 1,450 ಎಂದ. ನಗದು ಕೊಟ್ಟರೆ ಇನ್ನೂ ನೂರು ಕಡಿಮೆ, ಕೆಲಸ ಮುಗಿದ ಮೇಲೆ ಪರೀಕ್ಷೆ ಉಚಿತ. ಗಾಂಧಿ ಬಜಾರಿನಲ್ಲಿ ಸೊಪ್ಪಿನವಳ ಹತ್ತಿರ ಎರಡು ರೂಪಾಯಿ ಉಳಿಸಿದವನ ಹಾಗೆ ಬೀಗಿದೆ. ನಗದು ಕೊಟ್ಟೆ. ರಸೀದಿ ಆಮೇಲೆ ಕಳಿಸುತ್ತೇನೆ ಎಂದ. ಇವತ್ತಿಗೂ ಬಂದಿಲ್ಲ.

ಮೇ ಕೊನೆಯಲ್ಲಿ ಬಂದು ಮೂರೇ ಗಂಟೆಯಲ್ಲಿ ಮುಗಿಸಿದ. ಪೈಪನ್ನು ನೀರು ಸೇರುವ ಸಂಪಿನ ಗುಂಡಿಗೆ ಇಳಿಸಿ, ಮೇಲೆ ಪ್ಲೈವುಡ್ ಹಲಗೆ ಮುಚ್ಚಿ, ಸುತ್ತ ಟೇಪ್ ಹಚ್ಚಿದ. ಫ್ಯಾನನ್ನು ನೆಲಮಾಳಿಗೆಯ ಚಾವಣಿಗೇ ನೇತುಹಾಕಿದ. ಪೈಪಿನ ತುದಿಯನ್ನು ಗೋಡೆಯಿಂದ ಹೊರಗೆ, ಮಗನ ಕೋಣೆಯ ಕಿಟಕಿಯ ಕೆಳಗೆ ಬಿಟ್ಟ. ತುದಿ ಸೂರಿನ ಮೇಲಕ್ಕೆ ಹೋಗಬೇಕಲ್ಲವೇ ಎಂದು ಕೇಳಿದೆ, ಕೇಳಲಿಲ್ಲ ಎಂದಲ್ಲ. "ಅದು ಹಳೆಯ ಪದ್ಧತಿ" ಎಂದ. ಕೆಂಪು ದ್ರವದ ಬಗ್ಗೆ ಕೇಳಿದ್ದಕ್ಕೆ "ಎರಡು ಕಡೆ ಸಮವಾಗಿದ್ದರೆ ಒತ್ತಡ ಸರಿಯಾಗಿ ಹೊಂದಿಕೊಂಡಿದೆ ಎಂದರ್ಥ" ಎಂದ. ಒಪ್ಪಿಕೊಂಡೆ. ಇದನ್ನು ಎಷ್ಟು ಸಲ ನೆನೆಸಿಕೊಂಡರೂ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಫ್ಯಾನ್ ಎಳೆಯುತ್ತಿದ್ದರೆ ದ್ರವ ಒಂದು ಕಡೆ ಏರಲೇಬೇಕು. ಸಮವಾಗಿದೆ ಎಂದರೆ ಎಳೆತವೇ ಇಲ್ಲ ಎಂದರ್ಥ.

ಉಚಿತ ಪರೀಕ್ಷೆಯ ಕಥೆ ಇನ್ನೂ ಚೆಂದ. ಜೂನಿನ ಸೆಕೆ, ಮನೆಯ ಕಿಟಕಿಗಳೆಲ್ಲ ತೆರೆದಿದ್ದವು. ಮುಚ್ಚಬೇಕೇ ಎಂದರೆ ಬೇಡ ಎಂದ. ರೇಡಾನ್ ಹೀರಿಕೊಳ್ಳುವ ಇದ್ದಿಲಿನ ಡಬ್ಬಿಯನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ನಾನು ದಿನಕ್ಕೆ ಎಂಟು ಗಂಟೆ ಕೂರುವ ನೆಲಮಾಳಿಗೆಯಲ್ಲಲ್ಲ, ಅಡುಗೆಮನೆಯಲ್ಲಿ! 1.8 ಬಂತು. ಬಾರದೇ ಇರುತ್ತದೆಯೇ? ಆ ಕಾಗದವನ್ನು ನಾನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ.

ನವೆಂಬರಿನಲ್ಲಿ ಗೆಳೆಯರೊಬ್ಬರು ತಮ್ಮ ಡಿಜಿಟಲ್ ಮಾಪಕವನ್ನು ಎರಡು ವಾರಕ್ಕೆ ಕೊಟ್ಟರು. ಸುಮ್ಮನೆ ಕುತೂಹಲಕ್ಕೆ ಮೇಜಿನ ಮೇಲಿಟ್ಟೆ. ವಾರ ಕಳೆದ ಮೇಲೆ ನೋಡಿದರೆ 13.6. ಪೈಪ್ ಹಾಕಿಸುವ ಮೊದಲು ಇದ್ದದ್ದಕ್ಕಿಂತ ಹೆಚ್ಚು.

ಪೈಪ್ ಹಾಕಿದವನಿಗೆ ಚಿತ್ರ ಕಳಿಸಿದೆ. ಉತ್ತರ: "ಅದು ಆಟಿಕೆ. ನನ್ನ ಪರೀಕ್ಷೆಯಲ್ಲಿ 1.8 ಬಂದಿದೆ." ಮತ್ತೆ ಬರೆದೆ. "ಚಳಿಗಾಲದಲ್ಲಿ ಏರುವುದು ಸಹಜ." ಏರುತ್ತದೆ, ನಿಜ, ಆದರೆ ಏರಬಾರದೆಂದೇ ಅಲ್ಲವೇ ನಿನಗೆ ಹಣ ಕೊಟ್ಟದ್ದು? ಮೂರನೆಯ ಸಲ: "ದೊಡ್ಡ ಫ್ಯಾನ್ ಹಾಕೋಣ. 700 ಡಾಲರ್. ನೀವಾದ್ದರಿಂದ 650." ನಾನಾದ್ದರಿಂದ!

ಆಗ ಮಾಡಿದೆ, ಏಪ್ರಿಲ್‌ನಲ್ಲೇ ಮಾಡಬೇಕಿದ್ದ ಕೆಲಸವನ್ನು. ಪೆನ್ಸಿಲ್ವೇನಿಯಾದಲ್ಲಿ ರೇಡಾನ್ ಪರೀಕ್ಷೆ ಮಾಡುವವರಿಗೂ ಪೈಪ್ ಹಾಕುವವರಿಗೂ ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆಯ ಪ್ರಮಾಣಪತ್ರ ಕಡ್ಡಾಯ. ಪಟ್ಟಿ ಎಲ್ಲರೂ ನೋಡುವಂತೆ ಅಂತರ್ಜಾಲದಲ್ಲೇ ಇದೆ. ಅವನ ಹೆಸರು ಅದರಲ್ಲಿರಲಿಲ್ಲ. ಕೇಳಿದೆ. "ಪ್ರಮಾಣಪತ್ರ ನನ್ನ ಹೆಂಡತಿಯ ತಮ್ಮನ ಹೆಸರಿನಲ್ಲಿದೆ. ಅವನು ಈಗ ಫ್ಲಾರಿಡಾದಲ್ಲಿದ್ದಾನೆ."

ಆ ಪಟ್ಟಿಯಿಂದಲೇ ಇನ್ನೊಬ್ಬರನ್ನು ಕರೆಸಿದೆ. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಟಾರ್ಚ್ ಹಿಡಿದು ಪೈಪಿನ ಸುತ್ತ ಒಮ್ಮೆ ನೋಡಿದರು. ಮಾನೋಮೀಟರಿನಿಂದ ಪೈಪಿಗೆ ಹೋಗುವ ಸಣ್ಣ ನಳಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಸಿಲಿಕೋನ್ ಅಂಟಿನ ಒಂದು ಗುಳಿಗೆಯ ಸಮೇತ ಕೈಗೆ ಬಂತು. ಅದರ ಹಿಂದೆ ಪೈಪ್ ನುಣ್ಣಗಿತ್ತು. ತೂತೇ ಇರಲಿಲ್ಲ. ನಳಿಕೆ ಪೈಪಿನೊಳಗೆ ಹೋಗಿರಲೇ ಇಲ್ಲ, ಮೇಲೆ ಅಂಟಿಸಿದ್ದ ಅಷ್ಟೇ. ಫ್ಯಾನ್ ತಿರುಗಲಿ, ಬಿಡಲಿ, ಆ ದ್ರವ ಯಾವ ಕಾಲಕ್ಕೂ ಸಮವಾಗಿಯೇ ನಿಂತಿರುತ್ತಿತ್ತು. ಮೆಟ್ಟಿಲ ಮೇಲೆ ನಿಂತಿದ್ದ ನನ್ನ ಹೆಂಡತಿ "ರೀ, ನೀವು ದಿನಾ ನೋಡುತ್ತಿದ್ದುದು ಇದನ್ನೇ ಅಲ್ಲವೇ?" ಎಂದಳು. ನಾನು ಉತ್ತರ ಕೊಡಲಿಲ್ಲ.

ಉಳಿದದ್ದನ್ನು ಆ ಹೆಂಗಸೇ ವಿವರಿಸಿದರು. ಪ್ಲೈವುಡ್ಡಿನ ಸಂದುಗಳಿಂದ ಫ್ಯಾನ್ ಎಳೆಯುತ್ತಿದ್ದುದು ಕಾಂಕ್ರೀಟಿನ ಕೆಳಗಿನ ಗಾಳಿಯನ್ನಲ್ಲ, ಮನೆಯದೇ ಬಿಸಿಗಾಳಿಯನ್ನು. ಒಳಗಿನ ಒತ್ತಡ ಇಳಿದಷ್ಟೂ ನೆಲದಿಂದ ರೇಡಾನ್ ಇನ್ನಷ್ಟು ಮೇಲೇಳುತ್ತದೆ. ಫ್ಯಾನ್ ವಾಸದ ಜಾಗದ ಒಳಗೆ ಇರಲೇಕೂಡದು, ಏಕೆಂದರೆ ಅದರಿಂದ ಮುಂದಿನ ಪೈಪಿನ ಕೀಲು ಸೋರಿದರೆ ಎಲ್ಲವೂ ಮನೆಯೊಳಗೇ. ಅವರು ಕಾಂಕ್ರೀಟ್ ಕೊರೆದು, ಕೆಳಗಿನ ಜಲ್ಲಿಯನ್ನು ಬಕೆಟ್ಟುಗಟ್ಟಲೆ ತೆಗೆದು, ಪೈಪ್ ಇಳಿಸಿ ಭದ್ರ ಮಾಡಿದರು. ಸಂಪಿಗೆ ಬೋಲ್ಟ್ ಹಾಕುವ ಮುಚ್ಚಳ, ಫ್ಯಾನ್ ಹೊರಗೋಡೆಗೆ, ಪೈಪಿನ ತುದಿ ಸೂರಿನ ಮೇಲೆ. 1,900 ಡಾಲರ್. ಮೊದಲೇ ಇಷ್ಟನ್ನು ಹೇಳಿದ್ದ ಇಬ್ಬರ ನೆನಪಾಯಿತು. ಎರಡು ದಿನ ಕಿಟಕಿ ಬಾಗಿಲು ಮುಚ್ಚಿಟ್ಟು, ನೆಲಮಾಳಿಗೆಯಲ್ಲಿ ನಾನೇ ಡಬ್ಬಿ ಇಟ್ಟು, ನಾನೇ ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಕಳಿಸಿದೆ. 1.2.

ಊರಿನಲ್ಲಿ ಅಮ್ಮನಿಗೆ ಹೇಳಿದರೆ, "ಮನೆ ಅಡಿಯ ಗಾಳಿ ತೆಗೆಯಲಿಕ್ಕೂ ದುಡ್ಡು ಕೊಟ್ಟೆಯಾ, ಅದೂ ಎರಡೆರಡು ಸಲ?" ಎಂದರು.

ಹಾಗಾಗಿ, ಹಣ ಕೊಡುವ ಮುಂಚೆ ರಾಜ್ಯದ ಪಟ್ಟಿಯಲ್ಲಿ ಹೆಸರು ನೋಡಿ, ಬಾಮೈದನದ್ದಲ್ಲ, ನಿಮ್ಮ ಮನೆಗೆ ಬಂದವನದ್ದೇ. ಪೈಪ್ ಹಾಕಿದವನ ಕೈಯಲ್ಲಿ ಪರೀಕ್ಷೆ ಮಾಡಿಸಬೇಡಿ. ನಗದು ಬೇಡವೇ ಬೇಡ. ಆ ನಳಿಕೆಯನ್ನು ಒಮ್ಮೆ ಎಳೆದು ನೋಡಿ.

ಇಲಾಖೆಗೆ ದೂರು ಕೊಟ್ಟಿದ್ದೇನೆ. 1,350 ಡಾಲರ್ ಹಿಂತಿರುಗಿಸು ಎಂದು ಅವನಿಗೂ ಬರೆದೆ, ತೂತಿಲ್ಲದ ಪೈಪಿನ ಚಿತ್ರದ ಜೊತೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು: ಹೆಬ್ಬೆರಳು ಎತ್ತಿದ ಒಂದು ಹಳದಿ ಚಿತ್ರ.