ಸಣ್ಣ ಪಿಸ್ತೂಲು ಜಾಮ್ ಆದಾಗ ‘ನಿಮ್ಮ ಕೈಯದ್ದೇ ದೋಷ’ ಅಂದರೆ ಸುಮ್ನೆ ಒಪ್ಪಬೇಡಿ

ಬಟ್ಟೆಯೊಳಗೆ ಕಾಣದಂತೆ ಇಟ್ಟುಕೊಳ್ಳುವ ಸಣ್ಣ ಪಿಸ್ತೂಲು ಯಾವುದು ಒಳ್ಳೆಯದು ಅಂತ ಇಲ್ಲಿ ಅಮೆರಿಕದಲ್ಲಿರುವ ನಮ್ಮವರು ನನ್ನನ್ನು ಕೇಳುತ್ತಿರುತ್ತಾರೆ. ಅದರಲ್ಲೂ ಹೆಂಗಸರು. ಯಾವುದು ಒಳ್ಳೆಯದು ಅಂತ ನಾನು ಹೇಳಲಾರೆ. ನನಗೆ ಸಿಕ್ಕಿದ್ದು ಎಂಥದ್ದು, ಅದು ಕೆಟ್ಟಿದೆ ಅಂತ ಮಾರಿದವರಿಂದ ಒಪ್ಪಿಸಲು ಎಷ್ಟು ಹೆಣಗಬೇಕಾಯಿತು ಅನ್ನುವುದನ್ನು ಹೇಳುತ್ತೇನೆ. ಕಂಪನಿಯ ಹೆಸರು, ಅಂಗಡಿಯ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ‘ಅದೊಂದು ಬಿಟ್ಟು ಬೇರೆ ತಗೊಂಡರೆ ಸಾಕು’ ಅಂದುಕೊಳ್ಳುತ್ತೀರಿ. ತೊಂದರೆ ಅಷ್ಟು ಸುಲಭದ್ದಲ್ಲ.

ಮುಂದೆ ಓದುವ ಮೊದಲು ಒಂದು ಮಾತು. ಎಚ್-1ಬಿ, ಎಚ್-4 ತರದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೇಟೆಯ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ ನಿಜ. ಆದರೆ ಯಾರೋ ಗೆಳೆಯರು ಹೇಳಿದರು ಅಂತ ಅದನ್ನು ನಂಬಿ ಹೊರಡಬೇಡಿ, ವಕೀಲರನ್ನು ಕೇಳಿ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ವರ್ಷ ದಾಟಿದವರು ಲೈಸೆನ್ಸ್ ಇಲ್ಲದೆಯೂ ಕೈಬಂದೂಕು ಒಯ್ಯಬಹುದು. ಆದರೆ ಆ ಕಾನೂನು ಇರುವುದು ಬಂದೂಕು ಇಟ್ಟುಕೊಳ್ಳಲು ಮೊದಲೇ ಅರ್ಹರಾದವರಿಗೆ. ನಮ್ಮವರಲ್ಲಿ ಬಹಳ ಜನ ಇದನ್ನು ತಪ್ಪಾಗಿ ತಿಳಿದಿದ್ದಾರೆ. ನಾನು ಗ್ರೀನ್ ಕಾರ್ಡ್ ಬರುವವರೆಗೆ ಪಿಸ್ತೂಲು ಮುಟ್ಟಲೂ ಹೋಗಿರಲಿಲ್ಲ.

ಡಲ್ಲಾಸ್ ಹತ್ತಿರ ಒಂದು ಸಣ್ಣ ಔಷಧಿ ಅಂಗಡಿಯಲ್ಲಿ ನಾನು ಫಾರ್ಮಸಿಸ್ಟ್. ರಾತ್ರಿ ಬಾಗಿಲು ಹಾಕುವುದು ನನ್ನ ಪಾಳಿ. ಒಳಗೆ ನೋವಿನ ಮಾತ್ರೆಗಳಿವೆ, ಅದು ಎಲ್ಲರಿಗೂ ಗೊತ್ತಿರುತ್ತದೆ. ಮಾಲೀಕರೇ ‘ಏನಾದರೂ ಇಟ್ಟುಕೋ’ ಅಂದರು. ಲೈಸೆನ್ಸ್ ಬೇಕಿಲ್ಲದಿದ್ದರೂ ತರಬೇತಿ ತಗೊಂಡೆ. ಲೈಸೆನ್ಸ್ ಪರೀಕ್ಷೆಯಲ್ಲಿ 3, 7, 15 ಗಜ ದೂರದಿಂದ ಒಟ್ಟು 50 ಗುಂಡು ಹೊಡೆಯಬೇಕು. ರೇಂಜ್, ಅಂದರೆ ಗುಂಡು ಹೊಡೆಯುವ ಅಭ್ಯಾಸದ ಜಾಗ, ಅಲ್ಲಿನವರ ಬಾಡಿಗೆಯ ದೊಡ್ಡ 9 ಎಂ.ಎಂ. ಪಿಸ್ತೂಲಿನಲ್ಲಿ ಹೊಡೆದೆ. ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆಮೇಲೆ ಬಂದೂಕಿನ ಅಂಗಡಿಯಲ್ಲಿ ಒಂದು ಪುಟ್ಟ ಪಿಸ್ತೂಲು ಕೊಂಡೆ. ಹೆಸರಾಂತ ಕಂಪನಿಯದೇ. ಮಾರಿದವನು ‘ಇದು ಕಣ್ಣು ಮುಚ್ಚಿ ನಂಬಬಹುದು’ ಅಂದ. ಮೊದಲ ಸಲ ರೇಂಜ್‌ಗೆ ಒಯ್ದಾಗಲೇ ಖಾಲಿ ತೋಟಾ ಹೊರಗೆ ಹಾರದೆ ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಬಾಯಲ್ಲಿ ನೆಟ್ಟಗೆ ನಿಂತಿತು. ಇಲ್ಲಿ ಅದಕ್ಕೆ ಸ್ಟವ್‌ಪೈಪ್ ಅನ್ನುತ್ತಾರೆ. ಬಿಡಿಸಿ ಹೊಡೆದೆ, ಮತ್ತೆ ಅದೇ. ಇನ್ನೂ ಕೆಟ್ಟದ್ದೂ ಆಯಿತು. ಹಳೆಯ ತೋಟಾ ಒಳಗೇ ಉಳಿದು, ಹೊಸದು ಅದರ ಹಿಂದೆ ಬಂದು ತುರುಕಿಕೊಂಡಿತು. ಇದನ್ನು ಬಿಡಿಸಲು ಮ್ಯಾಗಜೀನ್ (ಗುಂಡು ತುಂಬಿ ಹಿಡಿಯೊಳಗೆ ಹಾಕುವ ಡಬ್ಬಿ) ಕಿತ್ತು, ಸ್ಲೈಡ್ ಹಲವು ಸಲ ಎಳೆದು, ಮತ್ತೆ ಮ್ಯಾಗಜೀನ್ ಹಾಕಬೇಕು. ಬೆಳಕಿರುವ ರೇಂಜ್‌ನಲ್ಲಿ ನಿಧಾನವಾಗಿ ಮಾಡಿದರೂ ಬೆವರು ಬರುತ್ತದೆ. ಕತ್ತಲ ಪಾರ್ಕಿಂಗಿನಲ್ಲಿ ಅದಕ್ಕೆ ಸಮಯ ಕೊಡುವವರು ಯಾರು?

ಮಡಿಕೇರಿ ಕಡೆಯವಳಾದ ನನಗೆ ಕೋವಿ ಹೊಸದಲ್ಲ. ಕೈಲ್ ಪೊಳ್ದ್‌ಗೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಊರು. ಆದರೆ ನಮ್ಮ ಜೋಡಿನಳಿಗೆಯ ಕೋವಿಯ ಅನುಭವ ಇಲ್ಲಿ ಕೆಲಸಕ್ಕೆ ಬಾರದು. ಅದನ್ನು ಮುರಿದು, ತೋಟಾ ಕೈಯಲ್ಲೇ ಹಾಕಿ, ಹೊಡೆದ ಮೇಲೆ ನಾವೇ ತೆಗೆಯುತ್ತೇವೆ. ಕೆಡಲು ಅದರಲ್ಲಿ ಹೆಚ್ಚೇನೂ ಇಲ್ಲ. ಪಿಸ್ತೂಲು ಆ ಕೆಲಸವನ್ನೆಲ್ಲ ತಾನೇ ಮಾಡಿಕೊಳ್ಳುತ್ತದೆ. ಗುಂಡು ಹಾರಿದ ಹೊಡೆತಕ್ಕೆ ಸ್ಲೈಡ್ ಹಿಂದೆ ಸರಿಯುತ್ತದೆ. ಎಕ್ಸ್‌ಟ್ರಾಕ್ಟರ್ ಎಂಬ ಪುಟ್ಟ ಕೊಕ್ಕೆ ಖಾಲಿ ತೋಟಾವನ್ನು ಅಂಚು ಹಿಡಿದು ಎಳೆಯುತ್ತದೆ. ಅದು ಹೊರಗೆ ಹಾರಿದ ಮೇಲೆ ಮ್ಯಾಗಜೀನಿನ ಸ್ಪ್ರಿಂಗ್ ಮುಂದಿನದನ್ನು ಮೇಲೆತ್ತುತ್ತದೆ, ಮುಂದೆ ಬರುವ ಸ್ಲೈಡ್ ಅದನ್ನು ನಳಿಗೆಯೊಳಗೆ ದೂಡುತ್ತದೆ. ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ.

ಪಿಸ್ತೂಲು ಚಿಕ್ಕದಾದಷ್ಟೂ ಈ ಲೆಕ್ಕ ಬಿಗಿಯಾಗುತ್ತದೆ. ಸ್ಲೈಡ್ ಹಗುರ, ಅದು ಓಡಾಡುವ ಜಾಗ ಕಡಿಮೆ, ಅದಕ್ಕೇ ಸ್ಪ್ರಿಂಗ್ ಗಟ್ಟಿ ಇಡುತ್ತಾರೆ. ಮ್ಯಾಗಜೀನಿಗೆ ಗುಂಡು ಎತ್ತಲು ಸಿಗುವ ಸಮಯವೂ ಕಡಿಮೆ. ದೊಡ್ಡ ಪಿಸ್ತೂಲು ಸಹಿಸಿಕೊಂಡು ಹೋಗುವ ಸಣ್ಣ ಊನವನ್ನು ಇದು ಸಹಿಸುವುದಿಲ್ಲ. ಹಾಗಾಗಿ ಒಂದೇ ಕಂಪನಿಯ ದೊಡ್ಡ ಮಾದರಿ ಚೆನ್ನಾಗಿದೆ ಅಂತ ಅದರ ಮರಿಯೂ ಹಾಗೇ ಇರುತ್ತದೆ ಅನ್ನಲಾಗದು.

ಈಗ ಅಂಗಡಿಯ ಕತೆ. ಹೋಗಿ ಹೇಳಿದ್ದಕ್ಕೆ ಮೊದಲ ಉತ್ತರ: ‘ಬ್ರೇಕ್-ಇನ್ ಆಗಬೇಕು ಮೇಡಂ, ಇನ್ನಷ್ಟು ಹೊಡೆಯಿರಿ.’ ಇದರಲ್ಲಿ ಸುಳ್ಳಿಲ್ಲ. ಹೊಸ ಪಿಸ್ತೂಲಿನ ಭಾಗಗಳು ಹೊಂದಿಕೊಳ್ಳಲಿ ಅಂತ ಕೆಲವು ಕಂಪನಿಗಳು ಕೈಪಿಡಿಯಲ್ಲೇ 200 ಗುಂಡು ಹೊಡೆಯಲು ಹೇಳುತ್ತವೆ. ಆದರೆ ನನ್ನದರ ಕೈಪಿಡಿಯಲ್ಲಿ ಅಂಥ ಮಾತೇ ಇರಲಿಲ್ಲ. ಆದರೂ ಹೊಡೆದೆ. ಗುಂಡಿನ ದುಡ್ಡು ನನ್ನದೇ, ಅವನದಲ್ಲವಲ್ಲ. ತೊಡಕು ಕಡಿಮೆಯಾಗಲಿಲ್ಲ.

ಎರಡನೆಯ ಉತ್ತರ ಹೆಂಗಸರಿಗೆಂದೇ ಮೀಸಲು: ‘ನಿಮ್ಮ ಕೈ ಚಿಕ್ಕದು, ಮಣಿಕಟ್ಟು ಸಡಿಲ ಬಿಡುತ್ತೀರಿ.’ ಇಲ್ಲಿನ ಭಾಷೆಯಲ್ಲಿ ಲಿಂಪ್ ರಿಸ್ಟ್. ಇದೂ ನಿಜವಾಗಿ ಇರುವ ತೊಂದರೆಯೇ. ಪಿಸ್ತೂಲಿನ ಹಿಡಿ ಗಟ್ಟಿಯಾಗಿ ನಿಂತರೆ ಮಾತ್ರ ಸ್ಲೈಡ್ ಅದರ ಮೇಲೆ ಪೂರ್ತಿ ಹಿಂದೆ ಸರಿಯುತ್ತದೆ. ಕೈಯೂ ಜೊತೆಗೆ ಹಿಂದೆ ಹೋದರೆ ಸ್ಲೈಡಿನ ಓಟ ಅರ್ಧಕ್ಕೇ ನಿಲ್ಲುತ್ತದೆ. ಸಣ್ಣ ಪಿಸ್ತೂಲಿನಲ್ಲಿ ಕಿರುಬೆರಳಿಗೆ ಜಾಗವೇ ಇರುವುದಿಲ್ಲ, ಆದ್ದರಿಂದ ಇದು ಇನ್ನೂ ಜಾಸ್ತಿ. ಅಲ್ಲಾ, ಇರುವ ತೊಂದರೆ ಅಂದಮಾತ್ರಕ್ಕೆ ನನಗೂ ಅದೇ ಇದೆ ಅಂತ ನೋಡದೆಯೇ ಹೇಳಿದರೆ ಹೇಗೆ? ಅವನು ನಾನು ಹೊಡೆಯುವುದನ್ನು ನೋಡಿಯೇ ಇರಲಿಲ್ಲ. ಬಾಡಿಗೆಯ ಆ ದೊಡ್ಡ ಪಿಸ್ತೂಲು ಇದೇ ಕೈಯಲ್ಲಿ ಒಂದು ಸಲವೂ ಸಿಕ್ಕಿಕೊಂಡಿರಲಿಲ್ಲವಲ್ಲ.

ಇದನ್ನು ತೀರ್ಮಾನಿಸಲು ವಾದ ಬೇಕಿಲ್ಲ, ಅದಲು ಬದಲು ಸಾಕು. ರೇಂಜ್‌ನಲ್ಲಿ ಹಳೆಯ ಕೈಯೊಬ್ಬರು, ನಿವೃತ್ತ ಪೊಲೀಸ್, ನನ್ನ ಪಿಸ್ತೂಲು ತಗೊಂಡರು. ಅವರದ್ದು, ಹೆಚ್ಚುಕಡಿಮೆ ಅಷ್ಟೇ ಪುಟ್ಟದ್ದು, ನನಗೆ ಕೊಟ್ಟರು. ಗುಂಡು ಇಬ್ಬರಿಗೂ ಒಂದೇ ಡಬ್ಬದ್ದು. ಅವರದ್ದು ನನ್ನ ಕೈಯಲ್ಲಿ ಸಲೀಸಾಗಿ ಓಡಿತು. ನನ್ನದು ಅವರ ಅಷ್ಟು ದಪ್ಪ ಮಣಿಕಟ್ಟಿನಲ್ಲೂ ಸಿಕ್ಕಿಕೊಂಡಿತು. ಅವರು ಮ್ಯಾಗಜೀನ್ ಬದಲಿಸಿ ನೋಡಿದರು. ಹಾಗೇ. ಮ್ಯಾಗಜೀನುಗಳ ತಳಕ್ಕೆ 1, 2 ಅಂತ ಗುರುತು ಹಾಕಿಡಿ ಅಂದರು. ತೊಡಕು ಒಂದೇ ನಂಬರಿನಲ್ಲಿ ಬಂದರೆ ಕೆಟ್ಟಿರುವುದು ಮ್ಯಾಗಜೀನು, ಎರಡರಲ್ಲೂ ಬಂದರೆ ಬೇರೆಲ್ಲೋ. ಪಿಸ್ತೂಲಿನ ತೊಂದರೆಗಳಲ್ಲಿ ಬಹಳಷ್ಟು ಮ್ಯಾಗಜೀನಿನದೇ ಆಗಿರುತ್ತವಂತೆ. ನನ್ನದು ಆ ಪುಣ್ಯದ ಲೆಕ್ಕದಲ್ಲಿರಲಿಲ್ಲ. ಮ್ಯಾಗಜೀನ್ ಆಗಿದ್ದರೆ ಹೊಸದು ಕೊಂಡು ಮುಗಿಸಬಹುದಿತ್ತು.

ನಾನು ಮೊದಲ ದಿನದಿಂದ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಯಾವ ಗುಂಡು, ಯಾವ ಮ್ಯಾಗಜೀನ್, ಎಷ್ಟನೆಯದರಲ್ಲಿ ಏನಾಯಿತು, ಜೊತೆಗೆ ಫೋನಿನಲ್ಲಿ ಫೋಟೋ. ಅಂಗಡಿಯಲ್ಲಿ ದಿನವೂ ಮಾತ್ರೆ ಎಣಿಸುವವಳು, ಅಭ್ಯಾಸಬಲ. ಆ ಪುಸ್ತಕ ಇಲ್ಲದಿದ್ದರೆ ಮುಂದೆ ನನ್ನ ಮಾತಿಗೆ ಬೆಲೆಯೇ ಇರುತ್ತಿರಲಿಲ್ಲ.

ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಇಲ್ಲಿ ಸಾಮಾನ್ಯವಾಗಿ ಯಾರೂ ತಗೊಳ್ಳುವುದಿಲ್ಲ. ಕಾಗದ ತುಂಬಿ ಬಾಗಿಲು ದಾಟಿದರೆ ಅದು ಹಳೆಯ ಮಾಲು. ಟೋಸ್ಟರ್ ಕೆಟ್ಟರೆ ಮರುದಿನ ವಾಪಸ್ ಕೊಡುವ ದೇಶದಲ್ಲಿ ಇದು ನನಗೆ ಹೊಸ ಸುದ್ದಿ. ಇನ್ನೊಂದು ಸಂಗತಿ ತಿಳಿದಾಗ ಇನ್ನೂ ಆಶ್ಚರ್ಯವಾಯಿತು. ಅಮೆರಿಕದಲ್ಲಿ ಟೋಸ್ಟರ್, ತೊಟ್ಟಿಲು, ಆಟಿಕೆಗಳ ಸುರಕ್ಷತೆ ನೋಡಲು ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಇದೆ. ಬಂದೂಕು ಮತ್ತು ಗುಂಡುಗಳ ತಂಟೆಗೆ ಅದು ಹೋಗಬಾರದು ಅಂತ ಸಂಸತ್ತು 1976ರಲ್ಲೇ ಕಾನೂನು ಮಾಡಿದೆ. ಹಾಗಾಗಿ ಕೆಟ್ಟ ಪಿಸ್ತೂಲನ್ನು ವಾಪಸ್ ಕರೆಸಿಕೊಳ್ಳುವುದು ಕಂಪನಿಯ ಮರ್ಜಿ. ಕರೆಸಿಕೊಂಡ ಉದಾಹರಣೆಗಳು ಇವೆ, ಅವೂ ದೊಡ್ಡ ಹೆಸರುಗಳೇ. ಜೇಬಿನ ಪಿಸ್ತೂಲೆಂದೇ ಹೆಸರಾದ ರುಗರ್ ಎಲ್‌ಸಿಪಿಯನ್ನು, ಗುಂಡು ತುಂಬಿದ್ದು ನೆಲಕ್ಕೆ ಬಿದ್ದರೆ ತಾನೇ ಹಾರಬಹುದು ಅಂತ 2008ರಲ್ಲಿ ಕರೆಸಿಕೊಂಡರು. 2013ರಲ್ಲಿ ಸ್ಪ್ರಿಂಗ್‌ಫೀಲ್ಡ್ ಎಕ್ಸ್‌ಡಿ-ಎಸ್. 2014ರಲ್ಲಿ ರೆಮಿಂಗ್ಟನ್ ಆರ್51 ಮಾರುಕಟ್ಟೆಗೆ ಬಂದ ವರ್ಷವೇ ವಾಪಸ್ ಹೋಯಿತು. ನನ್ನದು ಈ ಮೂರರಲ್ಲಿ ಯಾವುದೂ ಅಲ್ಲ. ನೀವು ಕೊಳ್ಳುವ ಮಾದರಿಗೆ, ಆ ಸೀರಿಯಲ್ ನಂಬರಿಗೆ ಇಂಥದ್ದೇನಾದರೂ ಇದೆಯಾ ಅಂತ ಕಂಪನಿಯ ಜಾಲತಾಣದಲ್ಲಿ ಮೊದಲು ನೋಡಿ.

ಕೊನೆಗೆ ಕಂಪನಿಗೇ ದೂರು ಕೊಟ್ಟೆ. ಅವರು ಕೊರಿಯರ್ ಲೇಬಲ್ ಕಳಿಸಿದರು, ಪಿಸ್ತೂಲು ಹೋಯಿತು, ವಾರಗಟ್ಟಲೆ ಕಾದ ಮೇಲೆ ವಾಪಸ್ ಬಂತು. ಜೊತೆಗೊಂದು ಚೀಟಿ: ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ. ಎಷ್ಟು ಗುಂಡು ಹೊಡೆದಿರಿ, ಯಾವ ಗುಂಡು ಅಂತ ಫೋನ್ ಮಾಡಿ ಕೇಳಿದೆ. ಮೂರು ಮ್ಯಾಗಜೀನಿನಷ್ಟು, ಸಾಧಾರಣ ದುಂಡು ಮೂತಿಯ ಗುಂಡು ಅಂದರು. ಸಣ್ಣ ಪಿಸ್ತೂಲಿನ ಮೂರು ಮ್ಯಾಗಜೀನ್ ಅಂದರೆ ಇಪ್ಪತ್ತು ಚಿಲ್ಲರೆ ಗುಂಡು! ಐವತ್ತಕ್ಕೆ ಒಂದೆರಡು ಸಲ ಕೈಕೊಡುವ ಯಂತ್ರ ಅಷ್ಟರಲ್ಲಿ ಒಳ್ಳೆಯ ಹುಡುಗನಂತೆ ನಡೆದುಕೊಂಡರೆ ಅದರಲ್ಲಿ ವಿಶೇಷವೇನು?

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಐ.ಟಿ.ಯವರಿಗೆ ಇದು ಗೊತ್ತಿರುತ್ತದೆ, ಔಷಧಿ ಪರೀಕ್ಷೆಗಳಲ್ಲಿ ನಾವೂ ಬಳಸುತ್ತೇವೆ. ಒಂದೂ ತೊಡಕಿಲ್ಲದೆ ಇಷ್ಟು ಸಲ ನಡೆಯಿತು ಅಂದರೆ, 3ನ್ನು ಆ ಸಂಖ್ಯೆಯಿಂದ ಭಾಗಿಸಿ. ನಿಜವಾದ ತೊಡಕಿನ ಪ್ರಮಾಣ ಅಷ್ಟರವರೆಗೂ ಇರಬಹುದು, ನೂರಕ್ಕೆ 95ರಷ್ಟು ಭರವಸೆಯಲ್ಲಿ ಹೇಳಬಹುದಾದ್ದು ಅಷ್ಟೇ. 20 ಗುಂಡು ಸಲೀಸಾಗಿ ಹಾರಿದರೆ ಇನ್ನೂ ನೂರಕ್ಕೆ 15 ಕೈಕೊಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. 200 ಹಾರಿದರೆ ನೂರಕ್ಕೆ ಒಂದೂವರೆ. ‘ನನ್ನದು ಒಂದು ಡಬ್ಬ ಹೊಡೆದೆ, ಸೂಪರ್’ ಅನ್ನುವ ಗೆಳೆಯರ ಮಾತಿನ ತೂಕ ಇಷ್ಟೇ. ಅದೂ ಅವರ ಪಿಸ್ತೂಲಿನ ಬಗ್ಗೆ, ನಿಮ್ಮದರ ಬಗ್ಗೆ ಅಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಪಿಸ್ತೂಲು ಮಾರಲು ಒಂದು ಕಾನೂನಿನ ಪರೀಕ್ಷೆ ಇದೆ. ಆ ಮಾದರಿಯ ಮೂರು ಪಿಸ್ತೂಲು ತಂದು, ಒಂದೊಂದರಲ್ಲೂ 600 ಗುಂಡು ಹೊಡೆಯಬೇಕು. ಮೊದಲ 20ರಲ್ಲಿ ಒಂದೂ ತೊಡಕು ಬರಬಾರದು, ಒಟ್ಟು 6 ದಾಟಬಾರದು. ಪ್ರತಿ 50ಕ್ಕೆ ಆರಲು ಬಿಡಬಹುದು, ಪ್ರತಿ 100ಕ್ಕೆ ಒರೆಸಿ ಸ್ವಚ್ಛ ಮಾಡಬಹುದು. ಅಂದರೆ ನೂರಕ್ಕೆ ಒಂದು ಸಲ ಕೈಕೊಟ್ಟರೂ ಪಾಸು. ಸೊಂಟದಲ್ಲಿ, ಬ್ಯಾಗಿನಲ್ಲಿ ನೂಲು ಧೂಳು ತಿನ್ನುತ್ತಾ ಇರುವ ಪಿಸ್ತೂಲಿಗೆ ಇದು ಬಹಳ ಉದಾರ ಪರೀಕ್ಷೆ ಅಂತ ನನ್ನ ಅನಿಸಿಕೆ.

ಪುಸ್ತಕದ ಪುಟಗಳನ್ನೂ ಫೋಟೋಗಳನ್ನೂ ಕಂಪನಿಗೆ ಕಳಿಸಿದೆ. ಅಷ್ಟರಲ್ಲಿ ಒಬ್ಬ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಬಿಚ್ಚಿ ನೋಡಿ, ಎಕ್ಸ್‌ಟ್ರಾಕ್ಟರ್ ಕೊಕ್ಕೆ ಸರಿಯಾಗಿ ಹಿಡಿಯುತ್ತಿಲ್ಲ, ಅದರ ತುದಿ ಒರಟಾಗಿ ಉಳಿದಿದೆ ಅಂತ ಬರೆದುಕೊಟ್ಟಿದ್ದರು. ಎರಡನೆಯ ಸಲ ಹೋಗಿ ಬಂದಾಗ ಆ ಭಾಗ ಬದಲಾಗಿತ್ತು. ಕ್ಷಮಿಸಿ ಅನ್ನುವ ಮಾತು ಎಲ್ಲೂ ಇರಲಿಲ್ಲ.

ಆಮೇಲೆ ದುಂಡು ಮೂತಿಯ ಗುಂಡು ಸರಾಗವಾಗಿ ಓಡಿತು. ಮೂತಿಯಲ್ಲಿ ಗುಳಿಯಿರುವ ಹಾಲೋ ಪಾಯಿಂಟ್ ಗುಂಡು ಮಾತ್ರ ಆಗೊಮ್ಮೆ ಈಗೊಮ್ಮೆ ಒಳಗೆ ಹೋಗುವಾಗ ಮೂತಿ ಕೊಟ್ಟು ನಿಲ್ಲುತ್ತದೆ. ಆತ್ಮರಕ್ಷಣೆಗೆ ಇಲ್ಲಿ ತುಂಬುವುದು ಅದನ್ನೇ. ಅದರ ಬಾಯಿ ಅಗಲ, ಒಳಗೆ ಜಾರುವ ದಾರಿಯಲ್ಲಿ ಎಡವುತ್ತದೆ. ಒಂದೊಂದಕ್ಕೂ ಒಂದು ಡಾಲರಿನ ಆಸುಪಾಸು ಬೆಲೆ. ಅದಕ್ಕೇ ಜನ ಅಗ್ಗದ ಗುಂಡಿನಲ್ಲಿ ಅಭ್ಯಾಸ ಮಾಡಿ, ದುಬಾರಿಯದನ್ನು ಒಂದೂ ಹೊಡೆಯದೆ ತುಂಬಿಕೊಂಡು ತಿರುಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀವು ತುಂಬಿಕೊಳ್ಳುವ ಅದೇ ಗುಂಡನ್ನು, ಅದೇ ಮ್ಯಾಗಜೀನಿನಲ್ಲಿ, ಒಂದೇ ಕೈಯಲ್ಲಿ ಹಿಡಿದೂ ಹೊಡೆದು ನೋಡಿ. ಎಣಿಸಿ ಬರೆದಿಡಿ. ಸದ್ದು ಎಂದಿಗಿಂತ ಮೆತ್ತಗೆ ಕೇಳಿದರೆ ಮಾತ್ರ ಇನ್ನೊಂದು ಹೊಡೆಯಬೇಡಿ. ಗುಂಡು ನಳಿಗೆಯಲ್ಲೇ ಉಳಿದಿರಬಹುದು.

ಆ ಪಿಸ್ತೂಲನ್ನು ನಾನು ಕೆಲಸಕ್ಕೆ ಒಯ್ಯುವುದಿಲ್ಲ. ಸ್ವಲ್ಪ ದೊಡ್ಡದೊಂದು ಇದೆ, ಕುರ್ತಾದೊಳಗೆ ಉಬ್ಬು ಕಾಣದಂತೆ ಹೊಂದಿಸಿಕೊಳ್ಳುವುದು ಕಷ್ಟವಾದರೂ ಅದೇ ಇರಲಿ. ಹಳೆಯದನ್ನು ಏನು ಮಾಡಲಿ ಅಂತ ಅಂಗಡಿಯಲ್ಲಿ ಕೇಳಿದಾಗ ಅವನು ನಕ್ಕು, ‘ನಮಗೇ ಕೊಡಿ, ಜಾಸ್ತಿ ಹೊಡೆದಿಲ್ಲ ಅಂತ ಬರೆದು ಇಟ್ಟರೆ ಒಂದು ವಾರದಲ್ಲಿ ಹೋಗುತ್ತದೆ’ ಅಂದ. ಕೊಡಲಿಲ್ಲ. ಸೆಕೆಂಡ್ ಹ್ಯಾಂಡ್ ಕಪಾಟಿನಲ್ಲಿ ಹೊಚ್ಚ ಹೊಸದರಂತೆ ಹೊಳೆಯುವ, ‘50 ಗುಂಡು ಮಾತ್ರ ಹೊಡೆದದ್ದು’ ಅಂತ ಚೀಟಿ ಇರುವ ಸಣ್ಣ ಪಿಸ್ತೂಲು ಕಂಡರೆ, ಅದರ ಯಜಮಾನರು 50ಕ್ಕೇ ಯಾಕೆ ನಿಲ್ಲಿಸಿದರು ಅಂತ ಕೇಳಿಯೇ ದುಡ್ಡು ಕೊಡಿ.